ಶಾಲೆಯ ಗೇಟಿನಿಂದ ನೂರು ಗಜ: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ,

ನಮಸ್ಕಾರ. ನಾನು ನಿಮ್ಮ ಮತಕ್ಷೇತ್ರದ ಮತದಾರಳು. ಮುಂಬೈ ಮಹಾನಗರಪಾಲಿಕೆಯ ಕನ್ನಡ ಮಾಧ್ಯಮ ಶಾಲೆಯಲ್ಲಿ 31 ವರ್ಷ ಪಾಠ ಮಾಡಿ ನಿವೃತ್ತಳಾದವಳು. ಈ ಪತ್ರದ ಮರಾಠಿ ಪ್ರತಿಯನ್ನು ಕಳೆದ ಸೋಮವಾರ ನಿಮ್ಮ ಕಚೇರಿಗೆ ಕೊಟ್ಟು, ಮುಟ್ಟಿದ್ದಕ್ಕೆ ಸಹಿ ಹಾಕಿಸಿಕೊಂಡು ಬಂದಿದ್ದೇನೆ. ಮತ್ತೆ ಕನ್ನಡದಲ್ಲಿ ಬರೆಯುವುದಕ್ಕೆ ಕಾರಣವಿದೆ. ಇದರಲ್ಲಿ ನಿಮಗೆ ಹೇಳಬೇಕಾದ ಮಾತು ಎಷ್ಟಿದೆಯೋ, ಈ ಊರಿನ ನಮ್ಮವರಿಗೆ ಹೇಳಬೇಕಾದದ್ದೂ ಅಷ್ಟೇ ಇದೆ.

ಚುನಾವಣೆಯ ಮೊದಲು ನೀವು ನಮ್ಮ ಚಾಳಿನ ಅಂಗಳಕ್ಕೆ ಬಂದಾಗ, ಬಡವರ ಆರೋಗ್ಯವೇ ನಿಮ್ಮ ಮೊದಲ ಕೆಲಸ ಎಂದು ಹೇಳಿದ್ದಿರಿ. ಆ ಮಾತನ್ನು ನಂಬಿಯೇ ಮತ ಹಾಕಿದೆ, ಅದನ್ನು ನಂಬಿಯೇ ಈಗ ಬರೆಯುತ್ತಿದ್ದೇನೆ. ನಾನು ಕೇಳುವುದು ಒಂದು ಮಸೂದೆ. ತಂಬಾಕು ಮಾರುವವರು ಯಾರೇ ಇರಲಿ, ಪಾಲಿಕೆಯ ಲೈಸನ್ಸ್ ಪಡೆದೇ ಮಾರಬೇಕು. 21 ತುಂಬದವರಿಗೆ ಮಾರಿದರೆ, ಶಾಲೆಯ ಹತ್ತಿರ ಮಾರಿದರೆ, ಆ ಲೈಸನ್ಸ್ ಹೋಗಬೇಕು. ಇದಕ್ಕೆ ಬೇಕಾದ ತಿದ್ದುಪಡಿಯನ್ನು ನೀವು ವಿಧಾನಸಭೆಯಲ್ಲಿ ಮಂಡಿಸಿ. ಸರ್ಕಾರ ತರದಿದ್ದರೆ ಖಾಸಗಿ ವಿಧೇಯಕವಾಗಿಯಾದರೂ ತನ್ನಿ.

ಯಾಕೆ ಕೇಳುತ್ತಿದ್ದೇನೆ ಎಂಬುದಕ್ಕೆ ಒಬ್ಬ ಹುಡುಗನ ವಿಷಯ ಹೇಳಬೇಕು.

ನಮ್ಮ ಶಾಲೆಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು. ಬೆಳಿಗ್ಗೆ ಅಪ್ಪ ಅಮ್ಮ ನಾಕಾದಲ್ಲಿ ಕೂಲಿಗೆ ಕಾಯಲು ಹೋಗುತ್ತಿದ್ದರು, ಮಕ್ಕಳು ನಮ್ಮಲ್ಲಿಗೆ ಬರುತ್ತಿದ್ದವು. 2009ರ ಸುಮಾರಿಗೆ ಆರನೇ ಇಯತ್ತೆಯಲ್ಲಿ, ಅಂದರೆ ಆರನೇ ತರಗತಿಯಲ್ಲಿ, ಈ ಹುಡುಗ ಇದ್ದ. ಲೆಕ್ಕದಲ್ಲಿ ಚುರುಕು. ಹನ್ನೆರಡು ವರ್ಷ. ಮಧ್ಯಾಹ್ನ ಖಿಚಡಿ ಬಡಿಸುವಾಗ ಅವನು ತಟ್ಟೆಯನ್ನು ಸುಮ್ಮನೆ ಕೆದಕುತ್ತಾ ಕೂರುವುದನ್ನು ಎರಡು ಮೂರು ದಿನ ನೋಡಿದೆ. ಕೇಳಿದರೆ "ಟೀಚರ್, ಖಾರ ಬಾಳ ಉರೀತದ್ರಿ" ಎಂದ. ಆ ಖಿಚಡಿಗೆ ಖಾರ ಎಂಬುದೇ ಇರಲಿಲ್ಲ, ಒಂದನೇ ಇಯತ್ತೆಯ ಮಕ್ಕಳೂ ಅದನ್ನೇ ಉಣ್ಣುತ್ತಿದ್ದವು. ನನಗೆ ಆಗ ಅರ್ಥವಾಗಲಿಲ್ಲ. ಹೊಟ್ಟೆ ಸರಿಯಿಲ್ಲವೇನೋ ಎಂದುಕೊಂಡು ಬಾಳೆಹಣ್ಣು ತರಿಸಿಕೊಟ್ಟೆ.

ಖಾರ ಮುಟ್ಟಿದರೆ ಬಾಯಿ ಉರಿಯುವುದು, ಆಮೇಲೆ ಕೆನ್ನೆಯ ಒಳಗಿನ ಚರ್ಮ ಗಟ್ಟಿಯಾಗುತ್ತಾ ಬಂದು ಮೂರು ಬೆರಳು ಹೋಗುತ್ತಿದ್ದ ಬಾಯಿಗೆ ಒಂದೇ ಬೆರಳು ಹೋಗುವ ಹಾಗಾಗುವುದು, ಇದು ಗುಟ್ಕಾ ಮತ್ತು ಅಡಿಕೆ ಜಗಿಯುವವರಿಗೆ ಬರುವ ರೋಗದ ದಾರಿ ಎಂದು ನನಗೆ ತಿಳಿದದ್ದು ವರ್ಷಗಳ ನಂತರ. ಆ ದಿನವೇ ಅವನನ್ನು ದಂತವೈದ್ಯರಲ್ಲಿಗೆ ಕರೆದುಕೊಂಡು ಹೋಗಿದ್ದರೆ ಎಂಬ ಯೋಚನೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಅವನಿಗೆ ಗುಟ್ಕಾ ಎಲ್ಲಿಂದ ಬಂತು ಎಂದು ಹುಡುಕಿಕೊಂಡು ದೂರ ಹೋಗಬೇಕಾಗಿರಲಿಲ್ಲ. ಶಾಲೆಯ ಗೇಟಿನಿಂದ ನಾನು ಎಣಿಸಿ ನಡೆದಿದ್ದೇನೆ, ನಲವತ್ತೆರಡು ಹೆಜ್ಜೆಗೆ ಒಂದು ಟಪರಿ, ಅಂದರೆ ಬೀದಿಬದಿಯ ಗೂಡಂಗಡಿ. ಮೇಲೆ ಸಿಗರೇಟು, ಅದರ ಕೆಳಗೆ ಕುರ್ಕುರೆ, ಅದರ ಪಕ್ಕ ಮಾಲೆ ಮಾಲೆಯಾಗಿ ಪುಡಿಕೆಗಳು. ಮಕ್ಕಳ ಕೈಗೆ ಎಟುಕುವ ಎತ್ತರದಲ್ಲೇ ಅವು ತೂಗಾಡುತ್ತಿದ್ದವು. ಚಾಕಲೇಟಿಗೆಂದು ಕೈ ಚಾಚಿದ ಮಗುವಿಗೆ ಎರಡಕ್ಕೂ ವ್ಯತ್ಯಾಸ ಕಾಣುವುದು ಹೇಗೆ? ಎಷ್ಟೋ ಮಕ್ಕಳು ಮೊದಲು ಅಪ್ಪನಿಗೆಂದು ತಂಬಾಕು ತರಲು ಹೋದವರು, ಆಮೇಲೆ ತಮಗೆಂದು ಹೋದವರು.

2003ರ ಸಿಗರೇಟು ಮತ್ತು ಇತರ ತಂಬಾಕು ಉತ್ಪನ್ನಗಳ ಕಾಯ್ದೆಯ 6ನೇ ಕಲಂ ಆಗಲೂ ಇತ್ತು. 18 ತುಂಬದವರಿಗೆ ಮಾರಬಾರದು, ಶಿಕ್ಷಣ ಸಂಸ್ಥೆಯಿಂದ 100 ಗಜದೊಳಗೆ ಮಾರಬಾರದು. ನಮ್ಮ ಶಾಲೆಯ ಗೋಡೆಯ ಮೇಲೆ ಆ ಫಲಕವೂ ಇತ್ತು, ಅದಕ್ಕೆ ಪ್ರತಿ ವರ್ಷ ಬಣ್ಣ ಹೊಡೆಸುತ್ತಿದ್ದವಳು ನಾನೇ. ಆದರೆ ತಪ್ಪು ಮಾಡಿ ಸಿಕ್ಕಿಬಿದ್ದ ಅಂಗಡಿಯವನಿಗೆ ದಂಡ ಹೆಚ್ಚೆಂದರೆ 200 ರೂಪಾಯಿ. ಒಮ್ಮೆ ದಂಡ ಹಾಕಿದರು. ಆತ ಕೊಟ್ಟ, ಸಂಜೆಯೊಳಗೆ ಅಷ್ಟನ್ನು ಮತ್ತೆ ದುಡಿದ. ನಾನು ಪೊಲೀಸರ ಬಳಿ ಹೋದರೆ ವಾರ್ಡ್ ಕಚೇರಿಗೆ ಹೋಗಿ ಎಂದರು. ವಾರ್ಡ್ ಕಚೇರಿಯಲ್ಲಿ ಇದು ಆಹಾರ ಇಲಾಖೆಯದ್ದು ಎಂದರು. ಆಹಾರ ಇಲಾಖೆಯಲ್ಲಿ ಪೊಲೀಸರನ್ನು ಕೇಳಿ ಎಂದರು. ಅವರು ಯಾರೂ ಕೆಟ್ಟವರಲ್ಲ, ಸರ್. ತಂಬಾಕು ಮಾರುವ ಅಂಗಡಿ ಎಂಬ ಒಂದು ಪಟ್ಟಿಯೇ ಯಾರ ಹತ್ತಿರವೂ ಇಲ್ಲದಿದ್ದರೆ, ಯಾರು ಯಾವ ಬಾಗಿಲಿಗೆ ಹೋಗಿ ತಟ್ಟುತ್ತಾರೆ? ಇದೇ ಊರಿನಲ್ಲಿ ನಮ್ಮವರು ಒಂದು ಉಡುಪಿ ಹೋಟೆಲು ತೆರೆಯಬೇಕಾದರೆ ಎಷ್ಟು ಪರವಾನಗಿ ಬೇಕು ಎಂದು ಯಾವ ಹೋಟೆಲಿನವರನ್ನಾದರೂ ಕೇಳಿ ನೋಡಿ. ಇಡ್ಲಿ ಮಾರಲು ಲೈಸನ್ಸ್ ಬೇಕು, ವಿಷ ಮಾರಲು ಬೇಡ.

2012ರ ಜುಲೈಯಲ್ಲಿ ಮಹಾರಾಷ್ಟ್ರ ಗುಟ್ಕಾ ಮತ್ತು ಪಾನ್ ಮಸಾಲಾ ನಿಷೇಧಿಸಿದಾಗ ನಾವು ಶಿಕ್ಷಕರೆಲ್ಲ ಎಷ್ಟು ಸಂತೋಷಪಟ್ಟೆವು ಎಂದರೆ, ಸ್ಟಾಫ್ ರೂಮಿನಲ್ಲಿ ಪೇಡೆ ಹಂಚಿದ್ದು ನೆನಪಿದೆ. ಅದಕ್ಕೆ ಹತ್ತು ವರ್ಷ ಮೊದಲು, 2002ರಲ್ಲೂ ಒಮ್ಮೆ ನಿಷೇಧ ಬಂದಿತ್ತು. 2004ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಅದು ನಿಲ್ಲಲಿಲ್ಲ. ಎರಡನೇ ಸಲ ಬೇರೆ ದಾರಿ ಹಿಡಿದರು. ತಿನ್ನುವ ವಸ್ತುವಿನಲ್ಲಿ ತಂಬಾಕು, ನಿಕೋಟಿನ್ ಸೇರಿಸಕೂಡದು ಎಂಬ 2011ರ ಆಹಾರ ಸುರಕ್ಷತಾ ನಿಯಮವೇ ಅದಕ್ಕೆ ಆಧಾರ. ಕಾನೂನು ಗಟ್ಟಿಯಾಯಿತು. ಆದರೆ ಒಂದು ಪುಡಿಕೆ ಎರಡಾಯಿತು, ಮಸಾಲೆ ಒಂದರಲ್ಲಿ, ಜರ್ದಾ ಎಂಬ ತಂಬಾಕು ಇನ್ನೊಂದರಲ್ಲಿ. ಅಂಗೈಯಲ್ಲಿ ಸೇರಿಸಿಕೊಂಡರೆ ಅದೇ ಗುಟ್ಕಾ. ಬರೀ ತಂಬಾಕು ಮಾರುವುದಕ್ಕೆ ನಿಷೇಧವೇ ಇಲ್ಲ. ಆ ಹುಡುಗನಿಗೆ ಆಗ ಹದಿನೈದು. ನಿಷೇಧದ ಮರುವಾರವೂ ಅವನಿಗೆ ಬೇಕಾದದ್ದು ಸಿಕ್ಕಿತು, ಸ್ವಲ್ಪ ಹೆಚ್ಚು ದುಡ್ಡಿಗೆ.

ಅವನೀಗ ಇಪ್ಪತ್ತೇಳು ದಾಟಿದ್ದಾನೆ. ಹೋದ ವರ್ಷ ಅವನ ತಾಯಿ ನನ್ನನ್ನು ಹುಡುಕಿಕೊಂಡು ಬಂದಳು, ಡಾಕ್ಟರು ಹೇಳುವ ಹಿಂದಿ ತನಗೆ ತಿಳಿಯುವುದಿಲ್ಲ, ಜೊತೆಗೆ ಬನ್ನಿ ಎಂದು. ಪರೇಲಿನ ಟಾಟಾ ಕ್ಯಾನ್ಸರ್ ಆಸ್ಪತ್ರೆಗೆ ಹೋದೆ. ಅಲ್ಲಿಯ ಫುಟ್‌ಪಾತಿನಲ್ಲಿ ದೇಶದ ಮೂಲೆ ಮೂಲೆಯಿಂದ ಬಂದವರು ಚಾಪೆ ಹಾಸಿಕೊಂಡು ಕೂತಿರುವುದನ್ನು ನೀವೂ ನೋಡಿರುತ್ತೀರಿ. ಮೂಗಿಗೆ ನಳಿಕೆ, ಕೆನ್ನೆಗೆ ಬ್ಯಾಂಡೇಜು, ಕೈಯಲ್ಲಿ ಫೈಲು. ನಮ್ಮ ಹುಡುಗನ ಎಡದವಡೆ ತೆಗೆದಿದ್ದಾರೆ. ತೊಡೆಯ ಮಾಂಸ ತೆಗೆದು ಕೆನ್ನೆ ಕಟ್ಟಿದ್ದಾರೆ. ಡಾಕ್ಟರು, ನರ್ಸುಗಳು ಅವನನ್ನು ತಮ್ಮ ಮನೆಯವನ ಹಾಗೆ ನೋಡಿಕೊಂಡರು, ಅವರಿಗೆ ಕೈಮುಗಿಯುತ್ತೇನೆ. ಅವನ ತಾಯಿಯ ಬಾಯಲ್ಲಿ ಆಗಲೂ ಮಿಶ್ರಿ ಇತ್ತು. ತಂಬಾಕನ್ನು ಕಪ್ಪಾಗುವವರೆಗೆ ಹುರಿದು ಪುಡಿಮಾಡಿ ಹಲ್ಲಿಗೆ ತಿಕ್ಕುವ ಆ ಚಟ ಅವಳಿಗೆ ಹಿಡಿದದ್ದು ಈ ಊರಿಗೆ ಬಂದಮೇಲೆ. ಹಸಿವು ತಿಳಿಯುವುದಿಲ್ಲವಂತೆ. ಮುಂಬೈಯ ಗರ್ಭಿಣಿಯರ ಮೇಲೆ ನಡೆದ, 2004ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಹೀಗೆ ಹೊಗೆಯಿಲ್ಲದ ತಂಬಾಕು ಬಳಸುವ ತಾಯಂದಿರ ಶಿಶುಗಳು ಸರಾಸರಿ 105 ಗ್ರಾಂ ಕಡಿಮೆ ತೂಗುತ್ತಿದ್ದವು. ಎರಡೂವರೆ ಕಿಲೋ ಮುಟ್ಟಲು ಹೆಣಗುವ ಮಗುವಿಗೆ 105 ಗ್ರಾಂ ಎಂದರೆ ಎಷ್ಟು ಎಂದು ಬಾಣಂತನ ಮಾಡಿದ ಯಾವ ಅಜ್ಜಿಯೂ ಹೇಳಬಲ್ಲಳು.

ನಮ್ಮ ರಾಜ್ಯದ ರೋಗ ಇರುವುದೇ ಇಲ್ಲಿ. 2016–17ರ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಮಹಾರಾಷ್ಟ್ರದ ವಯಸ್ಕರಲ್ಲಿ 26.6 ಶೇಕಡಾ ಜನ ಯಾವುದಾದರೂ ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಒಟ್ಟು ವಯಸ್ಕರಲ್ಲಿ ಸೇದುವವರು 3.8 ಶೇಕಡಾ ಮಾತ್ರ. ಜಗಿಯುವವರು, ತಿಕ್ಕುವವರು, ತುಟಿಯಡಿ ಇಟ್ಟುಕೊಳ್ಳುವವರು 24.4 ಶೇಕಡಾ (ಎರಡೂ ಮಾಡುವವರು ಎರಡೂ ಲೆಕ್ಕದಲ್ಲಿದ್ದಾರೆ). 'ಧೂಮಪಾನ ನಿಷೇಧ' ಎಂಬ ಬೋರ್ಡು ಇವರನ್ನು ಮುಟ್ಟುವುದೇ ಇಲ್ಲ. ಹೊಗೆ ಪಕ್ಕದವರಿಗೆ ತಾಗುತ್ತದೆ, ಹಾಗಾಗಿ ಪಕ್ಕದವರು ಗಲಾಟೆ ಮಾಡುತ್ತಾರೆ. ಜಗಿಯುವವನು ಸದ್ದಿಲ್ಲದೆ ತನ್ನೊಬ್ಬನನ್ನೇ ತಿಂದುಕೊಳ್ಳುತ್ತಾನೆ. ಅದಕ್ಕೇ ಹಿಡಿಯಬೇಕಾದದ್ದು ತಿನ್ನುವ ಬಾಯನ್ನಲ್ಲ, ಮಾರುವ ಕೈಯನ್ನು.

ಒಬ್ಬ ಶಾಸಕನಿಂದ ಏನಾದೀತು ಎಂದು ನೀವು ಕೇಳಬಹುದು. ಈ ಊರೇ ಅದಕ್ಕೆ ಉತ್ತರ ಕೊಟ್ಟಿದೆ. ದಕ್ಷಿಣ ಮುಂಬೈಯ ಸಂಸದರಾಗಿದ್ದ, ಅದಕ್ಕೂ ಮೊದಲು ಈ ನಗರದ ಮೇಯರ್ ಆಗಿದ್ದ ಮುರಳಿ ದೇವ್ರಾ ಸಾರ್ವಜನಿಕ ಸ್ಥಳದಲ್ಲಿ ಸೇದುವುದರ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. 2001ರ ನವೆಂಬರ್ 2ರಂದು ಕೋರ್ಟು ಆಸ್ಪತ್ರೆ, ಶಾಲೆ, ಗ್ರಂಥಾಲಯ, ನ್ಯಾಯಾಲಯ, ಸರ್ಕಾರಿ ಕಚೇರಿ, ರೈಲು ಬಸ್ಸುಗಳಲ್ಲಿ ಸೇದುವುದನ್ನು ದೇಶದಾದ್ಯಂತ ತಡೆಯಿತು. ಕಾಯ್ದೆ ಬಂದದ್ದು ಅದಾದ ಮೇಲೆ, 2003ರಲ್ಲಿ. ಆಗಿನ ಲೋಕಲ್ ಗಾಡಿ ನನಗೆ ಚೆನ್ನಾಗಿ ನೆನಪಿದೆ. ಹಾರ್ಬರ್ ಲೈನಿನಲ್ಲಿ ಬಾಗಿಲ ಬಳಿ ನಿಂತವರ ಬೀಡಿಯ ಹೊಗೆಯನ್ನು ಕುಡಿದುಕೊಂಡೇ ನಾವು ಕೆಲಸಕ್ಕೆ ಹೋಗುತ್ತಿದ್ದೆವು. ಇವತ್ತಿನ ಹುಡುಗಿಯರಿಗೆ ಅದನ್ನು ಹೇಳಿದರೆ ನಂಬುವುದಿಲ್ಲ.

ಎದುರು ಉದಾಹರಣೆಯೂ ನಮ್ಮ ರಾಜ್ಯದ್ದೇ. 2015ರ ಫೆಬ್ರವರಿ 16ರಂದು ಆರ್. ಆರ್. ಪಾಟೀಲರು ಮುಂಬೈಯಲ್ಲಿ ಬಾಯಿಯ ಕ್ಯಾನ್ಸರಿನಿಂದ ತೀರಿಕೊಂಡರು. ರಾಜ್ಯದ ಗೃಹಮಂತ್ರಿಯಾಗಿದ್ದವರು, ಸಾಂಗ್ಲಿಯ ತಾಸಗಾಂವದ ಬಡ ಮನೆಯಿಂದ ಬಂದವರು, ಜತ್ತ-ಅಥಣಿ ಕಡೆಯ ನಮ್ಮವರು 'ಆಬಾ' ಎಂದೇ ಕರೆಯುತ್ತಿದ್ದವರು. ಐವತ್ತೇಳೇ ವರ್ಷ. ತಂಬಾಕು ಜಗಿಯುವ ಅಭ್ಯಾಸವಿತ್ತು. ಅದಾಗಿ ಎರಡು ತಿಂಗಳೂ ಕಳೆದಿರಲಿಲ್ಲ, ಪೊಟ್ಟಣದ ಮೇಲಿನ ಎಚ್ಚರಿಕೆ ಚಿತ್ರವನ್ನು 85 ಶೇಕಡಾಕ್ಕೆ ಹಿಗ್ಗಿಸುವ ನಿಯಮವನ್ನು ಪರಿಶೀಲಿಸುತ್ತಿದ್ದ ಸಂಸತ್ತಿನ ಅಧೀನ ಶಾಸನ ಸಮಿತಿಯ ಅಧ್ಯಕ್ಷರು, ಅಹ್ಮದ್‌ನಗರದ ಸಂಸದ ದಿಲೀಪ್ ಗಾಂಧಿಯವರು, ತಂಬಾಕಿಗೂ ಕ್ಯಾನ್ಸರಿಗೂ ನಂಟಿದೆ ಎನ್ನುವ ಅಧ್ಯಯನಗಳೆಲ್ಲ ವಿದೇಶದವು, ಭಾರತದ್ದಿಲ್ಲ ಎಂದರು. ನಿಯಮ ಒಂದು ವರ್ಷ ಮುಂದೆ ಹೋಯಿತು, 2016ರ ಏಪ್ರಿಲ್ 1ಕ್ಕೆ ಜಾರಿಯಾಯಿತು. ಇದೇ ಸಮಿತಿ 1995ರಲ್ಲಿ, ಅಮಲ್ ದತ್ತಾ ಅವರು ಅಧ್ಯಕ್ಷರಾಗಿದ್ದಾಗ, ಎಚ್ಚರಿಕೆಗಳು ಇನ್ನೂ ಬಲವಾಗಿರಬೇಕು ಎಂದು ಶಿಫಾರಸು ಮಾಡಿತ್ತು. ಇನ್ನು ಭಾರತದ ಅಧ್ಯಯನ! 1955ರಲ್ಲೇ ಸಂಘ್ವಿ, ರಾವ್, ಖಾನೋಲ್ಕರ್ ಎಂಬ ಮೂವರು ಇದೇ ಮುಂಬೈಯ ರೋಗಿಗಳನ್ನು ನೋಡಿ, ತಂಬಾಕು ಜಗಿಯುವುದಕ್ಕೂ ಸೇದುವುದಕ್ಕೂ ಬಾಯಿ ಗಂಟಲಿನ ಕ್ಯಾನ್ಸರಿಗೂ ಇರುವ ನಂಟನ್ನು ಬರೆದು ಪ್ರಕಟಿಸಿದ್ದರು. ಅಂದರೆ ಅರವತ್ತು ವರ್ಷ ಮೊದಲು. ಒಂದು ವರ್ಷ ತಡವಾದರೆ ಏನಾಗುತ್ತದೆ ಎಂದು ಯಾರಾದರೂ ಕೇಳಿದರೆ, ನಾನು ಆ ವರ್ಷ ಹಾಜರಿ ಪುಸ್ತಕದಲ್ಲಿದ್ದ ಹೆಸರುಗಳನ್ನು ನೆನೆಯುತ್ತೇನೆ.

ಶರದ್ ಪವಾರರು ತಮ್ಮ ಬಾಯಿಯ ಕ್ಯಾನ್ಸರಿನ ಬಗ್ಗೆ, ಶಸ್ತ್ರಚಿಕಿತ್ಸೆಯ ನಂತರ ಬಾಯಿ ತೆರೆಯಲು, ನುಂಗಲು ಪಟ್ಟ ಕಷ್ಟದ ಬಗ್ಗೆ ವೇದಿಕೆಯಲ್ಲಿ ಮುಚ್ಚುಮರೆಯಿಲ್ಲದೆ ಮಾತಾಡಿದ್ದಾರೆ. ಪಕ್ಷ ಯಾವುದೇ ಇರಲಿ, ಅದು ದೊಡ್ಡ ಕೆಲಸ. ನಿಮ್ಮ ಮಸೂದೆಗೆ ಎಲ್ಲ ಪಕ್ಷಗಳಲ್ಲೂ ಮನೆಯೊಳಗೆ ಈ ನೋವು ಕಂಡವರು ಸಿಗುತ್ತಾರೆ ಎಂಬ ಧೈರ್ಯ ನನಗಿದೆ.

ಕಾನೂನಿನ ದಾರಿಯೂ ಹೊಸದಲ್ಲ. 2017ರ ಡಿಸೆಂಬರ್ 28ರ ನಡುರಾತ್ರಿ ಕಳೆದು 29 ಹಿಡಿದಾಗ, ಲೋವರ್ ಪರೇಲಿನ ಕಮಲಾ ಮಿಲ್ಸ್ ಆವರಣದ ಪಬ್ಬುಗಳಿಗೆ ಹೊತ್ತಿದ ಬೆಂಕಿಯಲ್ಲಿ 14 ಜನ ಸತ್ತರು. ಹುಕ್ಕಾದ ಕೆಂಡದಿಂದ ಕಿಡಿ ಹಾರಿತೆಂದು ಅಗ್ನಿಶಾಮಕ ದಳದ ವರದಿ ಹೇಳಿತು. ಮರುವರ್ಷವೇ ನಮ್ಮ ವಿಧಾನಮಂಡಲ 2003ರ ಆ ಕೇಂದ್ರ ಕಾಯ್ದೆಗೆ ತಿದ್ದುಪಡಿ ತಂದು ಹುಕ್ಕಾ ಪಾರ್ಲರುಗಳನ್ನು ಮುಚ್ಚಿಸಿತು. 2020ರ ಸೆಪ್ಟೆಂಬರಿನಲ್ಲಿ ಬಿಡಿ ಸಿಗರೇಟು, ಬಿಡಿ ಬೀಡಿ ಮಾರಾಟವನ್ನೂ ರಾಜ್ಯ ನಿಷೇಧಿಸಿತು. ಹಿಮಾಚಲ ಪ್ರದೇಶ 2016ರಲ್ಲೇ ತಂಬಾಕಿನ ಚಿಲ್ಲರೆ ಮಾರಾಟವನ್ನು ನಿಯಂತ್ರಿಸುವ ಕಾಯ್ದೆ ಮಾಡಿದೆ. ಕೇಂದ್ರ ಆರೋಗ್ಯ ಸಚಿವಾಲಯ 2017ರ ಸೆಪ್ಟೆಂಬರಿನಲ್ಲಿ ಎಲ್ಲ ರಾಜ್ಯಗಳಿಗೂ ಪತ್ರ ಬರೆದು, ಸ್ಥಳೀಯ ಸಂಸ್ಥೆಗಳ ಮೂಲಕ ಮಾರಾಟಗಾರರಿಗೆ ಲೈಸನ್ಸ್ ಕೊಡಿ, ಆ ಅಂಗಡಿಗಳಲ್ಲಿ ಚಾಕಲೇಟು, ಚಿಪ್ಸು, ಬಿಸ್ಕತ್ತು ಮಾರಲು ಬಿಡಬೇಡಿ ಎಂದಿತ್ತು. ಆ ಪತ್ರದ ಸುದ್ದಿ ಓದಿದ ದಿನ ನನ್ನ ಕಣ್ಣ ಮುಂದೆ ಬಂದದ್ದು ನಲವತ್ತೆರಡು ಹೆಜ್ಜೆಯ ಆ ಟಪರಿ. ಕರ್ನಾಟಕದ ವಿಧಾನಮಂಡಲ 2024ರ ಫೆಬ್ರವರಿಯಲ್ಲಿ ಒಪ್ಪಿದ ತಿದ್ದುಪಡಿಗೆ 2025ರ ಮೇ ತಿಂಗಳಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. ಅಲ್ಲೀಗ ಕೊಳ್ಳುವ ವಯಸ್ಸು 21, ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ ದಂಡ 200ರಿಂದ 1000ಕ್ಕೆ ಏರಿದೆ. ನನ್ನ ತವರು ರಾಜ್ಯದಲ್ಲಿ ಆದದ್ದು ನನ್ನ ಮಕ್ಕಳು ಹುಟ್ಟಿ ಬೆಳೆದ ರಾಜ್ಯದಲ್ಲೂ ಆಗಲಿ.

ಟಪರಿ ಇಟ್ಟವನೂ ಬಡವನೇ. ಅವನ ಹೊಟ್ಟೆಯ ಮೇಲೆ ಹೊಡೆಯಿರಿ ಎಂದು ನಾನು ಹೇಳುವುದಿಲ್ಲ. ಲೈಸನ್ಸ್ ಶುಲ್ಕ ಕಡಿಮೆ ಇರಲಿ, ಒಂದು ವರ್ಷ ಸಮಯ ಕೊಡಿ, ತಂಬಾಕು ಬಿಟ್ಟು ಚಹಾ, ಹಣ್ಣು, ವಡಾಪಾವ್ ಮಾರುತ್ತೇನೆ ಎನ್ನುವವನಿಗೆ ಅದೇ ಜಾಗದಲ್ಲಿ ಪರವಾನಗಿ ಸುಲಭವಾಗಿ ಸಿಗಲಿ. ಲೈಸನ್ಸ್ ಉಳಿಸಿಕೊಳ್ಳಬೇಕೆಂಬ ಭಯ ಇದ್ದವನು ಮಗುವಿನ ಕೈಗೆ ಪುಡಿಕೆ ಕೊಡುವ ಮೊದಲು ಎರಡು ಸಲ ಯೋಚಿಸುತ್ತಾನೆ. 200 ರೂಪಾಯಿ ದಂಡ ಅವನಿಗೆ ಆ ಯೋಚನೆಯನ್ನು ಕೊಡಲಿಲ್ಲ.

ಇನ್ನು ನಮ್ಮವರಿಗೆ.

ನನ್ನ ಅಮ್ಮ ಕಾರ್ಕಳದ ಹತ್ತಿರದ ಹಳ್ಳಿಯಲ್ಲಿ ಬೀಡಿ ಕಟ್ಟುತ್ತಿದ್ದವಳು. ತೊಡೆಯ ಮೇಲೆ ತಡ್ಪೆ, ಅಂದರೆ ಮೊರ, ಅದರಲ್ಲಿ ಎಲೆ, ಹೊಗೆಸೊಪ್ಪಿನ ಪುಡಿ, ನೂಲು. ವಾರಕ್ಕೊಮ್ಮೆ ಬೀಡಿ ಬ್ರಾಂಚಿಗೆ ಹೊತ್ತುಕೊಂಡು ಹೋದರೆ, ಸರಿಯಿಲ್ಲ ಎಂದು ಒಂದಿಷ್ಟನ್ನು ತೆಗೆದು ಹಾಕಿ ಉಳಿದದ್ದಕ್ಕೆ ದುಡ್ಡು. ಆ ದುಡ್ಡಿನಲ್ಲೇ ನಾನು ಡಿ.ಎಡ್. ಮುಗಿಸಿದೆ. ಅಮ್ಮ ಒಂದು ದಿನವೂ ಬೀಡಿ ಸೇದಿದವಳಲ್ಲ, ಆದರೆ ಕೊನೆಯ ಹತ್ತು ವರ್ಷ ರಾತ್ರಿಯಿಡೀ ಕೆಮ್ಮಿದಳು. ಹಾಗಾಗಿ ತಂಬಾಕಿನ ವಿರುದ್ಧ ಮಾತಾಡುವಾಗ ನನ್ನ ಗಂಟಲು ಸ್ವಲ್ಪ ಕಟ್ಟುತ್ತದೆ. ನಿಪ್ಪಾಣಿಯ ಹೊಗೆಸೊಪ್ಪಿನ ರೈತರು, 1981ರಲ್ಲಿ ಬೆಲೆಗಾಗಿ ಬೀದಿಗಿಳಿದವರು, ಅವರೂ ನಮ್ಮವರೇ. ಬೀಡಿ ಕಾರ್ಮಿಕರ ಕಲ್ಯಾಣಕ್ಕೆಂದು 1976ರಿಂದ ವಸೂಲಾಗುತ್ತಿದ್ದ ಸೆಸ್ ಜಿಎಸ್‌ಟಿ ಬಂದಾಗ ರದ್ದಾಯಿತು. 2025ರ ಸೆಪ್ಟೆಂಬರಿನಲ್ಲಿ ಜಿಎಸ್‌ಟಿ ಮಂಡಳಿ ಉಳಿದ ತಂಬಾಕಿಗೆ 40 ಶೇಕಡಾ ಎಂದು ತೀರ್ಮಾನಿಸುವಾಗ ಬೀಡಿಯನ್ನು 28ರಿಂದ 18ಕ್ಕೆ ಇಳಿಸಲು ಹೊರಟಿತು. ಕಟ್ಟುವ ಹೆಂಗಸರಿಗೆ ಇದರಿಂದ ಒಳ್ಳೆಯದಾಗುತ್ತದೆ ಎಂದು ನನಗೆ ಅನ್ನಿಸುವುದಿಲ್ಲ. ಅವರಿಗೆ ಬೇಕಾದದ್ದು ಬೇರೆ ಕೆಲಸ ಮತ್ತು ಪಿಂಚಣಿ. ಅಗ್ಗದ ಬೀಡಿ ಕೊಡುವುದು ಅವರ ಗಂಡಂದಿರಿಗೆ ಕೆಮ್ಮು. ದಿಲ್ಲಿಯ ಮಾತು ನಿಮ್ಮ ಕೈಯಲ್ಲಿಲ್ಲ, ಗೊತ್ತು. ಆದರೂ ನಿಮ್ಮ ಪಕ್ಷದ ಸಂಸದರ ಕಿವಿಗೆ ಹಾಕಿ.

ಅಡಿಕೆಯ ವಿಷಯ ಹೇಳಿದರೆ ಊರಿನ ನೆಂಟರು ನನ್ನ ಮೇಲೆ ಸಿಟ್ಟಾಗುತ್ತಾರೆ. ವೀಳ್ಯವಿಲ್ಲದೆ ನಮ್ಮಲ್ಲಿ ಮದುವೆಯಿಲ್ಲ, ತೋಟವಿಲ್ಲದೆ ನಮ್ಮ ಎಷ್ಟೋ ಮನೆಗಳಿಲ್ಲ. ಆದರೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ, ತಂಬಾಕಿಲ್ಲದ ಅಡಿಕೆಯೂ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ವರ್ಗೀಕರಿಸಿದೆ. ಆ ಹುಡುಗನ ಕೆನ್ನೆ ಗಟ್ಟಿಯಾದದ್ದರಲ್ಲಿ ಅಡಿಕೆಯ ಪಾಲು ದೊಡ್ಡದು ಎಂದು ಡಾಕ್ಟರು ನನಗೆ ಬಿಡಿಸಿ ಹೇಳಿದರು. ಹಬ್ಬಕ್ಕೆ ತಟ್ಟೆಯಲ್ಲಿಡುವ ಅಡಿಕೆಯನ್ನು ಬಿಡಿ ಎನ್ನುತ್ತಿಲ್ಲ. ಮಗುವಿನ ಬಾಯಿಗೆ ಸಿಹಿ ಸುಪಾರಿ ಹಾಕಬೇಡಿ. ಸಂಘದ ಕಾರ್ಯಕ್ರಮಗಳಲ್ಲಿ ಊಟದ ನಂತರ ಮಕ್ಕಳ ಎದುರು ಅದರ ಬಟ್ಟಲು ಇಡಬೇಡಿ. ಬಿಡಬೇಕು ಎಂದಿರುವವರು 1800-11-2356ಕ್ಕೆ ಫೋನ್ ಮಾಡಿ, ದುಡ್ಡು ಬೀಳುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸಿನಲ್ಲೂ ಅದರ ಕೇಂದ್ರವಿದೆ, ಕನ್ನಡದಲ್ಲೇ ಮಾತಾಡಬಹುದು. ಆ ಹುಡುಗನ ತಾಯಿ ನನ್ನ ಫೋನಿನಿಂದಲೇ ಮಾತಾಡಿದಳು. ಮಿಶ್ರಿ ಪೂರ್ತಿ ಬಿಟ್ಟಿಲ್ಲ, ದಿನಕ್ಕೆ ನಾಲ್ಕು ಸಲ ಇದ್ದದ್ದು ಒಂದಕ್ಕೆ ಬಂದಿದೆ.

ಶಾಸಕರೇ, ಡಿಸೆಂಬರಿನಲ್ಲಿ ನಾಗಪುರದ ಅಧಿವೇಶನಕ್ಕೆ ಹೋಗುವ ಮೊದಲು ನನಗೆ ಅರ್ಧ ಗಂಟೆ ಕೊಡಿ. ಶಾಲೆಯ ಸುತ್ತಲಿನ ಅಂಗಡಿಗಳ ನಕ್ಷೆ ಬರೆದಿಟ್ಟಿದ್ದೇನೆ, ತರುತ್ತೇನೆ. ಹುಡುಗನೂ ಬರುತ್ತೇನೆ ಎಂದಿದ್ದಾನೆ. ಗುರುವಾರ ಮಾತ್ರ ಬೇಡ, ಅಂದು ಅವನಿಗೆ ಪರೇಲಿನಲ್ಲಿ ತಪಾಸಣೆ ಇರುತ್ತದೆ. ಅವನ ಮಾತು ಈಗ ಎಲ್ಲರಿಗೂ ತಿಳಿಯುವುದಿಲ್ಲ, ನನಗೆ ತಿಳಿಯುತ್ತದೆ. ಪಕ್ಕದಲ್ಲಿ ಕೂತು ನಿಮಗೆ ಮರಾಠಿಯಲ್ಲಿ ಹೇಳುತ್ತೇನೆ.

ಇತಿ,
ನಿಮ್ಮ ಮತಕ್ಷೇತ್ರದ ಒಬ್ಬ ನಿವೃತ್ತ ಶಿಕ್ಷಕಿ
ಮುಂಬೈ